ಇಬ್ಬರಿಗಿಂತ ಕಮ್ಮಿ ಇದ್ದರೆ ಊಟವಿಲ್ಲ

ಬಂದೆಯಾ ಲಿಯೆನ್? ಊಟ ಆಯ್ತಾ?
ಹೂಂ ಅನ್ನು, ಸಾಕು. ಈ ಟೊಂಗ್‌ಯೊಂಗ್ ಬಂದರಲ್ಲಿ
ಅದು ಪ್ರಶ್ನೆಯಲ್ಲ, ನಮಸ್ಕಾರ.
ನಾನು ಹುಟ್ಟಿದ ವರ್ಷ ಅಕ್ಕಿಯ ಮಡಕೆ
ತಳ ಕಾಣುತ್ತಿತ್ತಂತೆ; ಬಾರ್ಲಿ ತೆನೆ ಇನ್ನೂ ಹಸಿರು.
ಅವತ್ತು ಕೇಳಿ ರೂಢಿಯಾದದ್ದು
ಇವತ್ತಿಗೂ ಬಾಯಿಗೆ ಬರುತ್ತದೆ.

ಏಪ್ರನ್ ಕಟ್ಟಿಕೋ. ನೋಡು:
ಅನ್ನ ಎಡಕ್ಕೆ, ಸಾರು ಬಲಕ್ಕೆ,
ಅದರ ಪಕ್ಕ ಚಮಚ, ಚಮಚದ ಪಕ್ಕ ಕಡ್ಡಿ.
ಅದಲುಬದಲಾದರೆ ಸತ್ತವರಿಗಿಟ್ಟ ಎಡೆ.
ನಿಮ್ಮ ಕಡೆ ಬಟ್ಟಲನ್ನೇ ತುಟಿಗೆತ್ತಿ
ಬಿದಿರ ಕಡ್ಡಿಯಲ್ಲಿ ದೂಡಿಕೊಳ್ಳುತ್ತೀರಂತೆ.
ಇಲ್ಲಿ ಬಟ್ಟಲು ಮೇಜು ಬಿಟ್ಟು ಏಳಕೂಡದು.
'ತಿರುಪೆಯವಳ ಹಾಗೆ' ಎಂದು ನಮ್ಮತ್ತೆ
ಎತ್ತಿದ ಮಣಿಕಟ್ಟಿಗೇ ಬಡಿಯುತ್ತಿದ್ದಳು.
ಕಡ್ಡಿಯೂ ಉಕ್ಕಿನದು, ಜಾರುತ್ತದೆ;
ಕರಿ ಸೋಯಾಕಾಳು ಹಿಡಿದು ಹಿಡಿದು ಕಲಿ.

ಇದು ನವೆಂಬರಿನ ಕಿಮ್ಚಿ.
ಏಳು ಹೆಂಗಸರು, ಇನ್ನೂರು ಉದ್ದಕೋಸು,
ಮೊಣಕೈವರೆಗೆ ಮೆಣಸಿನ ಕೆಂಪು.
ನನ್ನ ಸೊಂಟ ಇನ್ನೂ ಮರೆತಿಲ್ಲ.
ಹೊಸದರಲ್ಲಿ ಬಾಯಿತುಂಬ ಕರುಂಕುರುಂ ಹರಟೆ ಅದಕ್ಕೆ;
ಮಾರ್ಚಿ ಬಂತು, ಹುಳಿ ಹಿಡಿಯಿತು, ಈಗ
ವಯಸ್ಸಾದವರ ಹಾಗೆ ಒಂದೇ ಮಾತು, ನೇರ ಮಾತು.
ಕತ್ತರಿಯಲ್ಲಿ ಕತ್ತರಿಸು. ನಗಬೇಡ,
ಈ ಕತ್ತರಿ ಬಟ್ಟೆಯ ಮುಖ ಕಂಡದ್ದೇ ಇಲ್ಲ.

ಸಣ್ಣ ತಟ್ಟೆ ಹನ್ನೊಂದು. ಖಾಲಿಯಾದರೆ
ಕೇಳುವ ಮೊದಲೇ ತುಂಬು, ಅದಕ್ಕೆ ದುಡ್ಡಿಲ್ಲ.
ಎಲ್ಲರ ಕಡ್ಡಿಯೂ ಅದೇ ತಟ್ಟೆಗೆ ಬರುತ್ತದೆ,
ಅದಕ್ಕೇ ಗೋಡೆಯ ಮೇಲೆ ಬರೆಸಿದ್ದು:
ಇಬ್ಬರಿಗಿಂತ ಕಮ್ಮಿ ಇದ್ದರೆ ಊಟವಿಲ್ಲ.
ಒಬ್ಬನಿಗೆಂದು ಇಷ್ಟೆಲ್ಲ ಹರಡಿದರೆ
ನನಗೆ ಗಿಟ್ಟುವುದೂ ಇಲ್ಲ, ಅವನಿಗೆ
ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದೂ ಇಲ್ಲ.

ಬಾಗಿಲು ಕಿರ್ರೆಂದಿತು. ತಿರುಗಿ ನೋಡಬೇಡ.
ಬಲೆ ಹೊಲಿಯುವ ಓಕ್ ಚಿಲ್‌ಸೂ.
ಇಬ್ಬರಿಗೆ ಎನ್ನುತ್ತಾನೆ, ಇಬ್ಬರ ದುಡ್ಡು ಕೊಡುತ್ತಾನೆ.
ಚಳಿಗಾಲದಲ್ಲಿ ಮೊದಲ ಸಲ ಹಾಗೆ ಬಂದಾಗ
ಎದುರಿನ ಬಟ್ಟಲ ಅನ್ನದಲ್ಲಿ
ಚಮಚವನ್ನು ನೆಟ್ಟಗೆ ನೆಟ್ಟ.
ಅಂಗಡಿಗೆ ಅಂಗಡಿಯೇ ಅಗಿಯುವುದು ನಿಲ್ಲಿಸಿತು.
ತಿಥಿಯ ದಿನ ಮಾಡುವುದು ಅದು, ಬೇರೆ ದಿನ ಇಲ್ಲ.
ನಾನು ಹೋಗಿ ಕಿತ್ತು, ಮಲಗಿಸಿದೆ.
'ನಿನ್ನ ಹೆಂಡತಿ ಯಾವಾಗಲೂ
ಮೊದಲು ಸಾರು ಕುಡಿಯುತ್ತಿದ್ದಳು' ಅಂದೆ.
ಬೇರೇನು ಅನ್ನಲಿ?

ಅವನ ಲೋಟ ಖಾಲಿಯಾದರೆ ನೀನೇ ಬಗ್ಗಿಸು.
ತನಗೆ ತಾನೇ ಬಗ್ಗಿಸಿಕೊಂಡರೆ ಎದುರು ಕೂತವರಿಗೆ
ಮೂರು ವರ್ಷ ಕೆಟ್ಟಕಾಲ ಎನ್ನುತ್ತಾರೆ.
ಎದುರು ಯಾರೂ ಇಲ್ಲದವನು ಹೇಗೆ ಕುಡಿಯಬೇಕೋ
ಹಿರಿಯರು ಹೇಳಿಹೋಗಿಲ್ಲ.

ಇವತ್ತು ನಂಗುಮೀನಿನ ಸಾರು,
ಮಾಚಿಪತ್ರೆಯ ಚಿಗುರು ಹಾಕಿ.
ಇನ್ನೆರಡು ವಾರ ಕಳೆದರೆ ಆ ಎಲೆ ಬರೀ ನಾರು.
ತಗೊಂಡು ಹೋಗು, ಎರಡು ಕೈಯಲ್ಲಿ ಇಡು.
ಇಟ್ಟು ವಾಪಸು ಬರಬೇಡ, ಎದುರಿಗೆ ಕೂರು.
ಹೂಂ ಅಂದೆಯಲ್ಲ ಆಗ,
ನಿನ್ನ ಹೊಟ್ಟೆಯ ಸದ್ದು ಇಲ್ಲಿಯವರೆಗೆ ಕೇಳುತ್ತಿದೆ.
ದೊಡ್ಡವರು ಚಮಚ ಎತ್ತುವ ತನಕ
ಚಿಕ್ಕವರು ಮುಟ್ಟಬಾರದು. ಅವನು ತಡ ಮಾಡುತ್ತಾನೆ.
ಸಾರಿನ ಆವಿ ಆರಿದರೂ ಕಾದಿರು.
ಹಸಿದ ಹುಡುಗಿ ಕಾಯುವುದು ಕಂಡರೆ
ಎತ್ತಿಯೇ ಎತ್ತುತ್ತಾನೆ.

ಮರೆತು ಬಟ್ಟಲನ್ನೇ ಎತ್ತಿಕೊಂಡೆಯಾ, ಎತ್ತಿಕೋ.
ಅತ್ತೆ ಹೋಗಿ ಇಪ್ಪತ್ತು ವರ್ಷವಾಯ್ತು.
ತಳ ಹಿಡಿದ ಅನ್ನಕ್ಕೆ ನೀರು ಹೊಯ್ದು ಇಟ್ಟಿದ್ದೇನೆ,
ಕೊನೆಗೆ ತರುತ್ತೇನೆ, ಇಬ್ಬರಿಗೂ.
ಮುಳ್ಳು ಇದೆ, ಹುಷಾರು.